ಉದ್ದ ಬ್ಯಾರೆಲ್ ಹಾಕಿದರೆ ಗುಂಡು ದೂರ ಹೋಗುತ್ತಾ?

ಪೇಂಟ್‌ಬಾಲ್ ಅಂದರೆ ಎದುರಾಳಿಗೆ ಬಣ್ಣ ತುಂಬಿದ ಗುಂಡು ಹೊಡೆಯುವ ಆಟ. ಅದರ ಹುಚ್ಚು ಹತ್ತಿದವರು ಸ್ವಂತ ಮಾರ್ಕರ್, ಅಂದರೆ ಗ್ಯಾಸ್ ಒತ್ತಡದಿಂದ ಗುಂಡು ಹಾರಿಸುವ ಬಂದೂಕು, ಕೊಂಡ ಮೇಲೆ ಮೊದಲು ಬದಲಾಯಿಸುವುದೇ ಬ್ಯಾರೆಲ್, ಅಂದರೆ ನಳಿಕೆ. ಜೊತೆಗೆ ಬಂದ ಗಿಡ್ಡ ಬ್ಯಾರೆಲ್ ಬಿಚ್ಚಿ 16 ಇಂಚಿನದ್ದೊಂದು ಹಾಕಿಬಿಟ್ಟರೆ ಗುಂಡು ಜಾಸ್ತಿ ದೂರ ಹೋಗುತ್ತದೆ, ಗುರಿಯೂ ತಪ್ಪಲ್ಲ ಅನ್ನುವ ನಂಬಿಕೆ. ರೈಫಲ್ ನೋಡಿ ಹುಟ್ಟಿದ ನಂಬಿಕೆ ಇದು. ಪೇಂಟ್‌ಬಾಲ್‌ಗೆ ಹೊಂದುವುದೇ ಇಲ್ಲ. ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರಲ್ಲ ಅಂತ ನನಗೆ ಬೇಜಾರು.

ಆಟಕ್ಕೆ ಇಳಿಯುವ ಮುಂಚೆ ಪ್ರತಿ ಮಾರ್ಕರ್‌ನಿಂದಲೂ ಕ್ರೋನೋಗ್ರಾಫ್ ಮುಂದೆ ಗುಂಡು ಹೊಡೆಸಿ ವೇಗ ಅಳೆಯುತ್ತಾರೆ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಸಾಮಾನ್ಯವಾಗಿ ಇದೇ ಮಿತಿ. ಎಷ್ಟೋ ಮೈದಾನಗಳಲ್ಲಿ 280ಕ್ಕೇ ನಿಲ್ಲಿಸುತ್ತಾರೆ. ಹೊಸ ಬ್ಯಾರೆಲ್ ವೇಗ ಹೆಚ್ಚಿಸಿತು ಅಂತಲೇ ಇಟ್ಟುಕೊಳ್ಳಿ. ಮಿತಿ ಮೀರಿದ್ದನ್ನು ನೀವೇ ತಿರುಪು ತಿರುಗಿಸಿ ಇಳಿಸಬೇಕು, ಅಲ್ವಾ? ಒಂದೇ ತೂಕದ ಗುಂಡು, ಒಂದೇ ವೇಗ, ಒಂದೇ ಕೋನ. ಅದು ಸುತ್ತು ತಿರುಗದೆ ಹೊರಬಿದ್ದರೆ ಯಾವ ಬ್ಯಾರೆಲ್‌ನಿಂದ ಬಂತು ಅಂತ ಗಾಳಿ ಕೇಳುವುದಿಲ್ಲ.

ಒಳಗಿನ ಕೆಲಸವೂ ಬೇಗ ಮುಗಿಯುತ್ತದೆ. ಗುಂಡಿನ ಅಡ್ಡಳತೆ 17.3 ಮಿಲಿಮೀಟರ್, ತೂಕ 3 ಗ್ರಾಂ ಆಸುಪಾಸು. ಗ್ಯಾಸ್ ಅದನ್ನು ಮೊದಲ 8 ಇಂಚಿನಲ್ಲೇ ಹೆಚ್ಚುಕಮ್ಮಿ ಪೂರ್ತಿ ವೇಗಕ್ಕೆ ತಂದಿರುತ್ತದೆ. ಆಮೇಲೆ ಒತ್ತಡ ಇಳಿದು, ಉಳಿಯುವುದು ಬರೀ ಉಜ್ಜಾಟ. ಉದ್ದ ಬ್ಯಾರೆಲ್‌ನ ಮುಂದಿನ ಭಾಗದಲ್ಲಿ ಸಾಲಾಗಿ ಕೊರೆದ ತೂತುಗಳಿಂದ ಗ್ಯಾಸ್ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುವುದರಿಂದ ಸದ್ದು ಕಡಿಮೆಯಾಗುತ್ತದೆ. ಅದು ನಿಜವಾದ ಲಾಭ.

ಇನ್ನೊಂದು ನಿಜವಾದ ಲಾಭ ಬೋರ್‌ನಲ್ಲಿ, ಅಂದರೆ ಒಳಗಿನ ಅಗಲದಲ್ಲಿ ಇದೆ. ಪೇಂಟ್‌ಬಾಲ್ ಮಾಡುವುದು ಮೀನೆಣ್ಣೆ ಮಾತ್ರೆ ಮಾಡುವ ವಿಧಾನದಲ್ಲೇ. ಜೆಲಾಟಿನ್‌ನ ಎರಡು ಹಾಳೆ, ನಡುವೆ ಬಣ್ಣ ಬೆರೆಸಿದ ಪಾಲಿಎಥಿಲಿನ್ ಗ್ಲೈಕಾಲ್, ತಿರುಗುವ ಅಚ್ಚಿನಲ್ಲಿ ಒತ್ತಿ ಅಂಟಿಸುವುದು. ಡೆಟ್ರಾಯ್ಟ್‌ನ ರಾಬರ್ಟ್ ಶೆರರ್ 1930ರ ದಶಕದಲ್ಲಿ ಔಷಧಿಗಾಗಿ ಕಂಡುಹಿಡಿದ ಯಂತ್ರ ಅದು. ಜೆಲಾಟಿನ್ ತೇವ ಹೀರುತ್ತದೆ. ಹವೆಯಲ್ಲಿ ತೇವ ಜಾಸ್ತಿಯಿದ್ದರೆ ಗುಂಡು ಊದಿಕೊಂಡು ಮೆತ್ತಗಾಗುತ್ತದೆ, ಆಕಾರವೂ ಕೆಡುತ್ತದೆ. ಹಾಗಾಗಿ ಒಂದು ಡಬ್ಬಿಗೆ ಸರಿಹೊಂದಿದ ಬೋರ್ ಇನ್ನೊಂದು ಡಬ್ಬಿಗೆ ಹೊಂದದೇ ಹೋಗಬಹುದು.

ಪರೀಕ್ಷೆ ಸುಲಭ. ಬ್ಯಾರೆಲ್ ಬಿಚ್ಚಿ, ಮಾರ್ಕರ್ ಪಕ್ಕಕ್ಕಿಟ್ಟು, ಬ್ಯಾರೆಲ್‌ನ ಹಿಂದಿನ ತುದಿಗೆ ಒಂದು ಗುಂಡು ಹಾಕಿ. ತಾನಾಗೇ ಜಾರಿ ಹೋದರೆ ಬೋರ್ ದೊಡ್ಡದು. ಅಲ್ಲೇ ಕೂತು, ಬಾಯಿಂದ ಉಫ್ ಅಂತ ಊದಿದಾಗ ಹೊರಗೆ ಹಾರಿದರೆ ಅಳತೆ ಸರಿ. ಬೋರ್ ದೊಡ್ಡದಾದರೆ ಪಕ್ಕದಲ್ಲಿ ಗ್ಯಾಸ್ ನುಸುಳಿ ಒಂದೊಂದು ಗುಂಡು ಒಂದೊಂದು ವೇಗದಲ್ಲಿ ಹೋಗುತ್ತದೆ. ತೀರಾ ಬಿಗಿಯಾದರೆ ಒಳಗೇ ಒಡೆಯುತ್ತದೆ. ಬೇರೆ ಬೇರೆ ಬೋರ್‌ನ ಒಳಕೊಳವೆಗಳಿರುವ ಕಿಟ್‌ಗೆ ದುಡ್ಡು ಹಾಕಿದರೆ ಅದಕ್ಕೊಂದು ಅರ್ಥ ಇದೆ.

ಗುಂಡು ಹೊರಬಿದ್ದ ಮೇಲಿನ ಕತೆ ನನಗೆ ಇನ್ನೂ ಇಷ್ಟ. ಲೆಕ್ಕ ಹಾಕಿ ನೋಡಿ: 91 ಮೀಟರ್ ವೇಗದಲ್ಲಿ ಗಾಳಿ ಆ ಗುಂಡನ್ನು ಹಿಂದಕ್ಕೆ ತಳ್ಳುವ ಬಲ, ಗುಂಡಿನ ತೂಕದ ಸುಮಾರು 18 ಪಟ್ಟು! 30 ಮೀಟರ್ ದಾಟುವಷ್ಟರಲ್ಲಿ ವೇಗ ಅರ್ಧಕ್ಕೆ ಇಳಿದಿರುತ್ತದೆ. ಗಾಳಿ ಇಲ್ಲದಿದ್ದರೆ 45 ಡಿಗ್ರಿಯಲ್ಲಿ ಹೊಡೆದ ಗುಂಡು 800 ಮೀಟರ್ ದಾಟಬೇಕಿತ್ತು. ನಿಜದಲ್ಲಿ 100 ಮೀಟರ್ ಮುಟ್ಟುವುದೇ ಕಷ್ಟ. ಮೇಲಿಂದ, ನುಣುಪಾದ ಗುಂಡಿನ ಹಿಂದೆ ಗಾಳಿ ಸುಳಿಸುಳಿಯಾಗಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಕಳಚಿಕೊಳ್ಳುತ್ತದೆ. ಪ್ರತಿ ಸಲವೂ ಗುಂಡು ಒಂಚೂರು ಪಕ್ಕಕ್ಕೆ ವಾಲುತ್ತದೆ. ಅಂಟಿಸಿದ ಗೆರೆ ಉಬ್ಬಿದ್ದರೆ ಇನ್ನೂ ಜಾಸ್ತಿ. ಗುರಿ ತಪ್ಪುವುದು ಬಹುಮಟ್ಟಿಗೆ ಇಲ್ಲಿ.

ಹಾಗಾದರೆ ರೈಫಲ್‌ನಂತೆ ಒಳಗೆ ಸುರುಳಿ ಗೀರು ಹಾಕಿಸಿದರೆ? ಅಂಥ ಬ್ಯಾರೆಲ್‌ಗಳೂ ಮಾರಾಟಕ್ಕಿವೆ. ರೈಫಲ್ ಗುಂಡು ಉದ್ದನೆಯದು. ಅದರ ಮೂತಿ ಮುಂದಕ್ಕೇ ಇರಲಿ ಅಂತ ಸುತ್ತಿಸುತ್ತಾರೆ. ದುಂಡನೆಯ ಗುಂಡಿಗೆ ಮೂತಿ ಎಲ್ಲಿದೆ? ಅಲ್ಲದೆ ಇದರ ಹೊಟ್ಟೆಯೊಳಗೆ ದ್ರವ. ಬೇಯಿಸಿದ ಮೊಟ್ಟೆ ಮತ್ತು ಹಸಿ ಮೊಟ್ಟೆ ಎರಡನ್ನೂ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿ. ಹಸಿಯದು ಎರಡು ಸುತ್ತಿಗೇ ಸೋಲುತ್ತದೆ, ಚಿಪ್ಪು ತಿರುಗಿದರೂ ಒಳಗಿನದು ಹಿಂದೆ ಉಳಿಯುತ್ತದೆ. ಬ್ಯಾರೆಲ್ ಒಳಗೆ ಗುಂಡು ಇರುವುದೋ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ. ಅಷ್ಟರಲ್ಲಿ ದ್ರವಕ್ಕೆ ಸುತ್ತು ಹಿಡಿಸುವುದು ಆಗುವ ಮಾತಲ್ಲ.

ಅಷ್ಟಕ್ಕೂ ಗೆಲುವು ಇರುವುದು ಬ್ಯಾರೆಲ್‌ನಲ್ಲೇ ಅಲ್ಲ. 1981ರ ಜೂನ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಕಾಡಿನಲ್ಲಿ 12 ಜನ ಪೇಂಟ್‌ಬಾಲ್‌ನ ಮೊದಲ ಆಟ ಆಡಿದಾಗ ಅವರ ಕೈಯಲ್ಲಿದ್ದದ್ದು ಮರಕ್ಕೆ, ದನಕ್ಕೆ ಗುರುತು ಹಾಕುವ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು. ಗೆದ್ದವನು ಕಾಡಿನ ಕೆಲಸ ಬಲ್ಲವನು. ಅವನು ಒಂದೂ ಗುಂಡು ಹಾರಿಸಲಿಲ್ಲ!

ದೂರ ನಿಜವಾಗಿಯೂ ಹೆಚ್ಚಿಸುವ ಒಂದು ಬ್ಯಾರೆಲ್ ಇದೆ. ಅದು ಉದ್ದದ್ದಲ್ಲ, ಬಾಗಿದ್ದು. ಇದರ ಬೇರು 1740ರ ದಶಕದ ಇಂಗ್ಲೆಂಡಿನಲ್ಲಿದೆ. ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಒಂದು ಕೋವಿಯ ನಳಿಕೆಯನ್ನು ಬೇಕಂತಲೇ ಎಡಕ್ಕೆ ಬಗ್ಗಿಸಿದ. ದಾರಿಯುದ್ದಕ್ಕೂ ತೆಳು ಕಾಗದದ ಪರದೆ ಕಟ್ಟಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ಹೊರಳಿತ್ತು. ನಳಿಕೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡಿಗೆ ಸುತ್ತು ಹತ್ತಿತ್ತು. ಆ ಸುತ್ತು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳಿ, ಗುಂಡನ್ನು ಇನ್ನೊಂದು ಪಕ್ಕಕ್ಕೆ ಸರಿಸಿತ್ತು. ಹೀಗೆ ಸರಿಸುವ ಶಕ್ತಿಗೆ ಈಗ ಇರುವ ಹೆಸರು ನೂರು ವರ್ಷ ಆದಮೇಲೆ ಬಂದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ದು. ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆ ಬಂದು, 1751ರಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಟಿಪ್‌ಮನ್ ಕಂಪನಿಯ ಫ್ಲಾಟ್‌ಲೈನ್ ಬ್ಯಾರೆಲ್‌ನಲ್ಲಿ ಇದೇ ಬಾಗು, ಆದರೆ ಕೆಳಮುಖ. ಗುಂಡು ಮೇಲಿನ ಗೋಡೆಗೆ ಉಜ್ಜುತ್ತಾ ಬಂದು ಹಿಮ್ಮುಖವಾಗಿ ತಿರುಗತೊಡಗುತ್ತದೆ. ಇಲ್ಲಿ ಹೊರಚಿಪ್ಪು ತಿರುಗಿದರೂ ಸಾಕು, ಗಾಳಿ ಮುಟ್ಟುವುದು ಅದನ್ನೇ ತಾನೆ. ಮೇಲಕ್ಕೆ ಎತ್ತುವ ಬಲ ಸಿಕ್ಕಿ ಗುಂಡು ನೆಲಕ್ಕೆ ಬೀಳುವುದು ತಡವಾಗುತ್ತದೆ, ಅದೇ 300 ಅಡಿ ವೇಗದಲ್ಲೇ. ಆದರೆ ಮಾರ್ಕರ್ ನೆಟ್ಟಗೆ ಹಿಡಿದಿರಬೇಕು. ಬಂಕರ್ (ಮೈದಾನದಲ್ಲಿ ಅಡಗುವ ಮರೆ) ಹಿಂದಿನಿಂದ ಇಣುಕುವಾಗ ಮಾರ್ಕರ್ ವಾಲಿತೋ, ಎತ್ತುವ ಬಲವೂ ಆ ಕಡೆಗೇ ವಾಲುತ್ತದೆ, ಗುಂಡು ಪಕ್ಕಕ್ಕೆ ಹೊರಳುತ್ತದೆ.