ಸೀಡಿ, ಫ್ಲಾಪಿ, ಇ-1 ಲೈನ್: ವೇಗದ ಲೆಕ್ಕ ಎಲ್ಲಿ ಜಾರುತ್ತದೆ

ಪರೀಕ್ಷೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: 1ಎಕ್ಸ್ (ಅಂದರೆ ಮೂಲ ವೇಗದ) ಸೀಡಿ ಡ್ರೈವ್ ಓದುವ ವೇಗದಲ್ಲೇ ಡೇಟಾ ಕಳಿಸಬೇಕು, ಇ-1 ಲೈನಿನಲ್ಲಿ (ಹಲವು ಫೋನ್ ಚಾನಲ್‌ಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನ್) ಎಷ್ಟು ಟೈಮ್‌ಸ್ಲಾಟ್ (ಒಂದೊಂದು ಚಾನಲ್‌ನ ಪಾಲು) ಬೇಕು? ನೋಡಿದ ಕೂಡಲೇ, ಒಂದು ಬೈಟ್‌ಗೆ 8 ಬಿಟ್ ಅಂತ, ಎಲ್ಲರೂ 8ರಿಂದ ಗುಣಿಸಲು ಶುರು ಮಾಡುತ್ತೇವೆ. ಗುಣಿಸಬೇಕು ಸರಿ, ಆದರೆ ಅದು ಕೊನೆಯ ಕೆಲಸ. ಮೊದಲು ಆ ಅಂಕಿ ಯಾರು ಬರೆದದ್ದು ಅಂತ ನೋಡಿ. ಟೆಲಿಕಾಂನವರು ಬಿಟ್ ಎಣಿಸುತ್ತಾರೆ, ಅವರ ಕಿಲೋ ಯಾವಾಗಲೂ 1000. ಸ್ಟೋರೇಜ್‌ನವರು ಬೈಟ್ ಎಣಿಸುತ್ತಾರೆ, ಅವರ ಕಿಲೋ ಒಮ್ಮೆ 1000, ಒಮ್ಮೆ 1024. ಅದಕ್ಕೇ ಕಿಲೋ, ಮೆಗಾ ಎಲ್ಲ ಬಿಡಿಸಿ, ಸೆಕೆಂಡಿಗೆ ಎಷ್ಟು ಬಿಟ್ ಅಂತ ಪೂರ್ತಿ ಸಂಖ್ಯೆ ಬರೆದುಕೊಳ್ಳಿ. ಸೊನ್ನೆ ಜಾಸ್ತಿ ಆಗುತ್ತವೆ, ಆಗಲಿ.

ಮೊದಲು ಇ-1. ಫೋನಿನ ಮಾತನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಪ್ರತಿ ಸಲಕ್ಕೆ 8 ಬಿಟ್. ಅಲ್ಲಿಗೆ ಒಂದು ಚಾನಲ್‌ಗೆ 64,000 ಬಿಟ್. ಇಂಥ 32 ಸ್ಲಾಟ್ ಸೇರಿದರೆ 20,48,000, ಅಂದರೆ 2.048 ಮೆಗಾಬಿಟ್. ಆದರೆ 32ನ್ನೂ ಬಳಸಲು ಬರುವುದಿಲ್ಲ. 0ನೇ ಸ್ಲಾಟ್ ಫ್ರೇಮ್ (32 ಸ್ಲಾಟ್‌ಗಳ ಒಂದು ಸುತ್ತು) ಹೊಂದಿಸಲು ಹೋಗುತ್ತದೆ. ಮಾತಿನ ಲೈನ್ ಆದರೆ 16ನೆಯದು ಸಿಗ್ನಲಿಂಗ್‌ಗೆ (ಕರೆ ಜೋಡಿಸುವ, ಮುಗಿಸುವ ಸೂಚನೆಗಳಿಗೆ), ಉಳಿಯುವುದು 30. ಬರೀ ಡೇಟಾ ಆದರೆ 31 ಸಿಗಬಹುದು, ಅಂದರೆ 19,84,000 ಬಿಟ್. ನಮ್ಮ ದೇಶದಲ್ಲಿ ಇರುವುದು ಇ-1. ಅಮೆರಿಕದ ಪುಸ್ತಕ ನೋಡಿ ಮಾಡಿದ ಪ್ರಶ್ನೆಯಲ್ಲಿ ಟಿ-1 ಬಂದರೆ 24 ಸ್ಲಾಟ್, ಜೊತೆಗೆ ಫ್ರೇಮಿಗೆ ಒಂದು ಬಿಟ್, ಒಟ್ಟು 15,44,000.

ಈಗ ಸೀಡಿ. 1ಎಕ್ಸ್‌ನಲ್ಲಿ ಸೆಕೆಂಡಿಗೆ 75 ಸೆಕ್ಟರ್ (ಡಿಸ್ಕ್ ಮೇಲಿನ ಡೇಟಾದ ಒಂದೊಂದು ತುಂಡು) ಓದುತ್ತದೆ, ಡೇಟಾ ಸೀಡಿಯ ಸೆಕ್ಟರ್‌ನಲ್ಲಿ 2048 ಬೈಟ್. ಗುಣಿಸಿದರೆ 1,53,600 ಬೈಟ್. ಡ್ರೈವ್ ಬಗ್ಗೆ '150 ಕೆಬಿ' ಅಂತ ಹೇಳುವುದು ಇದನ್ನೇ: 150 ಸಲ 1024. ಇದನ್ನು 8ರಿಂದ ಗುಣಿಸಿದರೆ 12,28,800 ಬಿಟ್, 64,000ದಿಂದ ಭಾಗಿಸಿದರೆ 19.2. ಅರ್ಧಂಬರ್ಧ ಸ್ಲಾಟ್ ಇಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ಉತ್ತರ 20. ಅದೇ 150ನ್ನು ಸುಮ್ನೆ 1000ದಿಂದ ಗುಣಿಸಿದ್ದರೆ 18.75 ಬರುತ್ತಿತ್ತು, 19 ಅಂತ ಬರೆದು ಬರುತ್ತಿದ್ದಿರಿ. ಕಿಲೋಗೆ 24 ಬೈಟ್‌ನ ವ್ಯತ್ಯಾಸಕ್ಕೆ ಒಂದು ಸ್ಲಾಟ್ ಹೋಯಿತು, ಮಾರ್ಕೂ ಹೋಯಿತು.

ಹಾಡಿನ ಸೀಡಿ ಆದರೆ ಲೆಕ್ಕ ಬೇರೆ. ಅದೇ 75 ಸೆಕ್ಟರ್, ಆದರೆ ಒಂದೊಂದರಲ್ಲೂ 2352 ಬೈಟ್ ಹಾಡೇ. ಡೇಟಾ ಸೀಡಿಯಲ್ಲಿ ಮಿಕ್ಕ 304 ಬೈಟ್ ಸಿಂಕ್ (ಸೆಕ್ಟರ್ ಶುರುವಾಯಿತು ಅಂತ ತಿಳಿಸುವ ಗುರುತು), ಸೆಕ್ಟರ್ ವಿಳಾಸ ಮತ್ತು ತಪ್ಪು ತಿದ್ದುವ ಕೋಡ್‌ಗೆ ಹೋಗುತ್ತದೆ. ಹಾಡಿನಲ್ಲಿ ಒಂದು ಬಿಟ್ ಆಚೀಚೆ ಆದರೆ ಕಿವಿಗೆ ಗೊತ್ತಾಗುವುದಿಲ್ಲ, ಪ್ರೋಗ್ರಾಂ ಫೈಲ್‌ನಲ್ಲಿ ಹಾಗಲ್ಲ. ಹಾಡಿಗೆ 14,11,200 ಬಿಟ್, ಅಂದರೆ 22.05 ಸ್ಲಾಟ್. ಆ 0.05ಕ್ಕಾಗಿ 23 ಬೇಕು.

ಫ್ಲಾಪಿಯ '1.44 ಎಂಬಿ' ಇನ್ನೂ ವಿಚಿತ್ರ. ಅದು 1000 ಮತ್ತು 1024ರ ಕಲಬೆರಕೆ: 1440 ಸಲ 1024, ಅಂದರೆ 14,74,560 ಬೈಟ್. ಡ್ರೈವ್ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಒಂದು ಟ್ರ್ಯಾಕ್, ಅದರಲ್ಲಿ 512 ಬೈಟ್‌ನ 18 ಸೆಕ್ಟರ್. ಅಲ್ಲಿಗೆ ಸೆಕೆಂಡಿಗೆ 46,080 ಬೈಟ್. ಕಂಟ್ರೋಲರ್ (ಡ್ರೈವ್ ನಡೆಸುವ ಚಿಪ್) ವೇಗ 500 ಕಿಲೋಬಿಟ್ ಅಂತ ಇರುತ್ತದೆ, ಅಂದರೆ 62,500 ಬೈಟ್. ಮಿಕ್ಕದ್ದು ಎಲ್ಲಿ ಹೋಯಿತು? ಸೆಕ್ಟರ್‌ಗಳ ನಡುವಿನ ಖಾಲಿ ಜಾಗ ಮತ್ತು ಗುರುತಿನ ಬೈಟ್‌ಗಳಿಗೆ.

ಭಾಗಿಸುವುದು ಯಾವಾಗಲೂ 8ರಿಂದ ಅಲ್ಲ. ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಜೋಡಿಸುವ ಮೊದಲ ಸಾಟಾ ಲಿಂಕ್ 1.5 ಗಿಗಾಬಿಟ್. 8ರಿಂದ ಭಾಗಿಸಿದರೆ 187.5 ಮೆಗಾಬೈಟ್ ಬರುತ್ತದೆ, ನಿಜವಾದದ್ದು 150. ಅಲ್ಲಿ ಪ್ರತಿ 8 ಬಿಟ್‌ಗೆ ತಂತಿಯ ಮೇಲೆ 10 ಬಿಟ್ ಓಡುತ್ತವೆ. ಹಳೇ ಸೀರಿಯಲ್ ಪೋರ್ಟ್‌ನಲ್ಲೂ 10ರ ಲೆಕ್ಕವೇ, ಕಾರಣ ಮಾತ್ರ ಬೇರೆ: ಒಂದು ಸ್ಟಾರ್ಟ್ ಬಿಟ್, ಒಂದು ಸ್ಟಾಪ್ ಬಿಟ್. ಸೆಕೆಂಡಿಗೆ 9600 ಬಿಟ್ ಅಂದರೆ 960 ಅಕ್ಷರ.

ಅನೇಕ ಇ-1ಗಳನ್ನು ಒಟ್ಟಿಗೆ ಸಾಗಿಸುವ 155.52 ಮೆಗಾಬಿಟ್‌ನ ಎಸ್‌ಟಿಎಂ-1 ಲೈನಿನಲ್ಲೂ ಇದೇ ಗುಂಡಿ. 155.52ನ್ನು 2.048ರಿಂದ ಭಾಗಿಸಿ '75 ಇ-1' ಅಂತ ಬರೆಯಬೇಡಿ. ಹಿಡಿಸುವುದು 63. ಉಳಿದದ್ದು ಓವರ್‌ಹೆಡ್, ಅಂದರೆ ಲೈನ್ ನಡೆಸಲು ಬೇಕಾದ ಬಿಟ್‌ಗಳು.

ವೇಗ ಬೇರೆ, ವಿಳಂಬ ಬೇರೆ. ಇದನ್ನು ನಮ್ಮ ಹಾಸನದ ಬಸ್ಸಿನಲ್ಲೇ ನೋಡಬಹುದು. 80 ನಿಮಿಷದ ಸೀಡಿಯಲ್ಲಿ 3,60,000 ಸೆಕ್ಟರ್, ಅಂದರೆ 589,82,40,000 ಬಿಟ್. ಒಂದು ಸೀಡಿ ಚೀಲಕ್ಕೆ ಹಾಕಿಕೊಂಡು ಬೆಂಗಳೂರು ಬಸ್ ಹತ್ತಿ. ನಾಲ್ಕು ಗಂಟೆ ಅಂತ ಇಟ್ಟುಕೊಂಡರೆ 14,400 ಸೆಕೆಂಡ್. ಸೆಕೆಂಡಿಗೆ 4,09,600 ಬಿಟ್ ಆಯಿತು, ಆರು ಸ್ಲಾಟ್‌ಗಿಂತ ಜಾಸ್ತಿ. ನೂರು ಸೀಡಿ ಒಯ್ದರೆ 40.96 ಮೆಗಾಬಿಟ್, ಇ-1ಗಿಂತ ದೊಡ್ಡದಾದ ಇ-3 ಲೈನಿನ 34.368ನ್ನೂ ಮೀರಿತು. ಆದರೆ ಮೊದಲ ಬಿಟ್ ಮೆಜೆಸ್ಟಿಕ್ ಮುಟ್ಟುವುದು ನಾಲ್ಕು ಗಂಟೆ ಆದಮೇಲೇ. ನಮ್ಮ ಹಾಸನದಲ್ಲೇ ಇರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಸಿಗ್ನಲ್ ಹೋಗಿ ಬರಲು ಕಾಲು ಸೆಕೆಂಡ್ ಹಿಡಿಯುತ್ತದೆ, ಲಿಂಕ್ ಎಷ್ಟೇ ಮೆಗಾಬಿಟ್‌ನದಾಗಿರಲಿ. ಪ್ರಶ್ನೆಯಲ್ಲಿ ದೂರ ಕೊಟ್ಟಿದ್ದಾರೆ ಅಂತ ಅದನ್ನು ವೇಗದ ಲೆಕ್ಕಕ್ಕೆ ಎಳೆಯಬೇಡಿ.

ನೀವೇ ಮಾಡಿ ನೋಡಲು ಒಂದು ಲೆಕ್ಕ: 1,15,200ರ ಸೀರಿಯಲ್ ಪೋರ್ಟ್‌ನಲ್ಲಿ ಒಂದು ಫ್ಲಾಪಿಯ ಪೂರ್ತಿ ಡೇಟಾ ಕಳಿಸಲು ಎಷ್ಟು ಹೊತ್ತು ಬೇಕು? 128 ಸೆಕೆಂಡ್ ಬಂದರೆ ಸರಿ. 102.4 ಬಂದರೆ 8ರಿಂದ ಭಾಗಿಸಿದ್ದೀರಿ ಅಂತಲೇ ಅರ್ಥ. 125 ಬಂದರೆ, ಫ್ಲಾಪಿಯ ಮೇಲಿನ ಲೇಬಲ್ ನಂಬಿದ್ದೀರಿ.