ಕಲ್ಲಿದ್ದಲಿನ ಬೆಲ್ಟಿಗೆ ಅದಿರಿನ ಪುಡಿ ಹಾಕಬಹುದೇ?

ಪ್ರಶ್ನೆ: ಪಣಂಬೂರಿನ ಹತ್ತಿರ ನಮ್ಮದೊಂದು ಯಾರ್ಡ್ ಇದೆ. ಅಲ್ಲಿನ ಕನ್ವೇಯರ್ ಬೆಲ್ಟಿನ ಅಗಲ 800 ಮಿ.ಮೀ. ಕಲ್ಲಿದ್ದಲು ಗಂಟೆಗೆ 300 ಟನ್ ಎಂದು ಡ್ರಾಯಿಂಗಿನಲ್ಲಿದೆ. ಮಳೆಗಾಲದಲ್ಲಿ 200 ದಾಟುವುದೇ ಕಷ್ಟ. ಈಗ ಅದರಲ್ಲೇ ಕಬ್ಬಿಣದ ಅದಿರಿನ ಪುಡಿ ಸಾಗಿಸುವ ಕೆಲಸ ಬಂದಿದೆ. ಬೆಲ್ಟ್ ಬದಲಿಸದೆ ಆಗುತ್ತದಾ?

ಉತ್ತರ: ಆಗುತ್ತದೆ, ಗಂಟೆಗೆ 300 ಟನ್ ಮೀರದಿದ್ದರೆ. ಆ 300 ಟನ್ ಅದಿರು ಹರಿಯುವಾಗ ಬೆಲ್ಟ್ ಮೂರರಲ್ಲಿ ಎರಡು ಪಾಲು ಖಾಲಿ ಇದ್ದಂತೆ ಕಾಣುತ್ತದೆ. ಅದನ್ನು ನೋಡಿ ಯಾರಾದರೂ ಸರಕು ತುಂಬುವ ಹಾಪರಿನ ಗೇಟನ್ನು ಇನ್ನಷ್ಟು ಎತ್ತಿದರೆ ತೊಂದರೆ ಅಲ್ಲಿಂದ ಶುರು.

ಬೆಲ್ಟಿಗೆ ಟನ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಜಾಗ. 800 ಮಿ.ಮೀ. ಬೆಲ್ಟ್, ಅದನ್ನು ಹೊರುವ ಮೂರು ರೋಲರಿನ ಚೌಕಟ್ಟು ಅಂದರೆ ಐಡ್ಲರ್, ಪಕ್ಕದ ರೋಲರುಗಳು 35 ಡಿಗ್ರಿ ಓರೆ ಎಂದಿಟ್ಟುಕೊಳ್ಳಿ. ಅಂಚಿನಲ್ಲಿ ಚೆಲ್ಲದಂತೆ ಎರಡೂ ಬದಿ ಜಾಗ ಬಿಟ್ಟರೆ ಸರಕಿಗೆ ಸಿಗುವ ಅಗಲ 670 ಮಿ.ಮೀ. ಅದರ ಮೇಲೆ ಸರಕು ನಿಲ್ಲುವ ದಿಬ್ಬದ ಓರೆ 20 ಡಿಗ್ರಿಯಾದರೆ ಅಡ್ಡಕೊಯ್ತ ಸುಮಾರು 0.069 ಚದರ ಮೀಟರ್. ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಗಂಟೆಗೆ 373 ಘನ ಮೀಟರ್ ಸಾಗುತ್ತದೆ. ಸಡಿಲವಾಗಿ ಸುರಿದ ಕಲ್ಲಿದ್ದಲು ಘನ ಮೀಟರಿಗೆ ಸುಮಾರು 0.8 ಟನ್ ತೂಗುತ್ತದೆ. ನಿಮ್ಮ ಡ್ರಾಯಿಂಗಿನ 300 ಬಂದದ್ದು ಹೀಗೆ. ಅದೇ ಬೆಲ್ಟನ್ನು 2.4 ಟನ್ ತೂಗುವ ಅದಿರಿನ ಪುಡಿಯಿಂದ ತುಂಬಿದರೆ 900 ಟನ್ನಿನ ಹತ್ತಿರ ಹೋಗುತ್ತದೆ. ಭತ್ತದ ಉಮಿ ತುಂಬಿದರೆ 40 ಟನ್ನೂ ಕಷ್ಟ. ಕಲ್ಲಿದ್ದಲಿನ ಬಾಯ್ಲರನ್ನು ಉಮಿಗೆ ಬದಲಿಸುವವರು ಹಳೆಯ ಬೆಲ್ಟ್ ಸಾಕೆಂದು ನಂಬಿ ಎಡವುವುದು ಇಲ್ಲೇ.

900 ಟನ್ ಹಿಡಿಸುತ್ತದೆ ಎಂದರೆ ಎಳೆಯುತ್ತದೆ ಎಂದಲ್ಲ. ಸರಕನ್ನು ಬರೀ ಮೇಲೆತ್ತಲು ಬೇಕಾದ ಕಿಲೋವ್ಯಾಟ್ ತಿಳಿಯಲು ಗಂಟೆಯ ಟನ್ನನ್ನು ಮೀಟರಿನಲ್ಲಿರುವ ಎತ್ತರದಿಂದ ಗುಣಿಸಿ 367ರಿಂದ ಭಾಗಿಸಿ. 10 ಮೀಟರ್ ಎತ್ತರಕ್ಕೆ 300 ಟನ್ ಆದರೆ 8.2 ಕಿಲೋವ್ಯಾಟ್, 900 ಆದರೆ 24.5. ಘರ್ಷಣೆಯ ಲೆಕ್ಕ ಇದರ ಮೇಲೆ. ಕಲ್ಲಿದ್ದಲಿಗೆಂದು ಕೂರಿಸಿದ ಮೋಟಾರ್ ಟ್ರಿಪ್ ಆಗುತ್ತದೆ, ಇಲ್ಲವೇ ಡ್ರೈವ್ ಪುಲ್ಲಿ ತಿರುಗುತ್ತಲೇ ಇದ್ದು ಬೆಲ್ಟ್ ಜಾರಿ ಸುಟ್ಟ ವಾಸನೆ ಬರುತ್ತದೆ. ತುಂಬಿದ ಬೆಲ್ಟ್ ಹಾಗೆ ನಿಂತರೆ ಹಾರೆ, ಬುಟ್ಟಿ ಹಿಡಿದು ಖಾಲಿ ಮಾಡದೆ ಮತ್ತೆ ಎತ್ತುವುದಿಲ್ಲ. ಐಡ್ಲರಿನ ಬೇರಿಂಗಿಗೂ ಇದೇ ಕಥೆ: ಅದರ ಮೇಲಿನ ಭಾರ ಎರಡು ಪಟ್ಟಾದರೆ ಆಯುಸ್ಸು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ.

ಆದ್ದರಿಂದ ಗೇಟಿಗೆ ಅದಿರಿನ ಗುರುತು ಬೇರೆಯೇ ಹಾಕಿ, ಅದಕ್ಕಿಂತ ಮೇಲೇಳದಂತೆ ಬೋಲ್ಟ್ ಕೊಟ್ಟುಬಿಡಿ. ಹಾಪರಿನಡಿಯಿಂದ ಸರಕು ಎಳೆದು ಕೊಡುವ ಬೆಲ್ಟ್ ಫೀಡರ್ ಇದ್ದರೆ ಡ್ರೈವಿನಲ್ಲಿ ವೇಗದ ಮಿತಿ ಕಟ್ಟಿ. ಲೋಡರಿನವರಿಗೂ ಹೇಳಿ: 3 ಘನ ಮೀಟರ್ ಬಕೆಟಿನಲ್ಲಿ ಕಲ್ಲಿದ್ದಲು 2.4 ಟನ್, ಅದಿರು 7 ಟನ್ ದಾಟುತ್ತದೆ. ಲೋಡರಿಗೂ ಅದು ಅತಿಯಾಯಿತು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಕಲ್ಲಿದ್ದಲು ಬೀಳುವಾಗ ಕೆಳಗೆ ಕಲ್ಲಿದ್ದಲಿನದೇ ಹಾಸು ಇರುತ್ತದೆ. ತೆಳ್ಳಗೆ ಹರಿಯುವ ಅದಿರಿಗೆ ಹಾಸಿಲ್ಲ, ನೇರ ರಬ್ಬರಿಗೇ ಬೀಳುತ್ತದೆ. ಬೆಲ್ಟಿನ ವೇಗಕ್ಕೆ ಬರುವ ತನಕ ಅದು ರಬ್ಬರಿನ ಮೇಲೆ ಉಜ್ಜಿಕೊಂಡೇ ಹೋಗುವುದು. ಸವೆತ ಹೆಚ್ಚಾಗುವುದು ಆ ಒಂದೆರಡು ಮೀಟರಿನಲ್ಲಿ. ಸರಕನ್ನು ಬೆಲ್ಟಿಗೆ ಇಳಿಸುವ ತಗಡಿನ ಚ್ಯೂಟಿನ ತುದಿಯನ್ನು ಬೆಲ್ಟ್ ಓಡುವ ದಿಕ್ಕಿಗೆ ತಿರುಗಿಸಿ, ಬೀಳುವ ಎತ್ತರ ತಗ್ಗಿಸಿ. ಬೆಲ್ಟಿನ ಮೇಲಿನ ರಬ್ಬರ್ ಕವರ್ 3 ಮಿ.ಮೀ. ಇದ್ದರೆ ಮುಂದಿನ ಸಲ 5 ಅಥವಾ 6 ಮಿ.ಮೀ.ನ ಸವೆತ ತಾಳುವ ಎಂ-24 ದರ್ಜೆಯದ್ದನ್ನು ಕೇಳಿ.

ಈಗ ಮಳೆಗಾಲದ ವಿಚಾರ. ನಿಮ್ಮ 200 ಟನ್ನಿನ ತಕರಾರಿನ ಬೇರು ಬೆಲ್ಟಿನಲ್ಲಿರುವ ಸಾಧ್ಯತೆ ಕಡಿಮೆ. ಮೊದಲು ಚ್ಯೂಟ್ ನೋಡಿ.

ಸ್ವಲ್ಪ ಒದ್ದೆಯಾದ ಪುಡಿ ಅಂಟುತ್ತದೆ, ಪೂರ್ತಿ ನೆನೆದದ್ದು ಹರಿಯುತ್ತದೆ. ಎರಡೂ ಕೆಟ್ಟದ್ದೇ, ಮದ್ದು ಮಾತ್ರ ಬೇರೆ ಬೇರೆ. ಅಂಟುವ ಕಲ್ಲಿದ್ದಲು ಕಟ್ಟಿಕೊಳ್ಳುವುದು ಚ್ಯೂಟಿನ ಮೂಲೆಯಲ್ಲಿ. ತಗಡುಗಳನ್ನು 60 ಡಿಗ್ರಿಗೆ ಕೂರಿಸಿದ್ದೇವೆ, ಸಾಕಲ್ಲ ಎನ್ನುತ್ತಾರೆ. ಆದರೆ ಪಕ್ಕಪಕ್ಕದ ಎರಡು ತಗಡುಗಳೂ 60 ಡಿಗ್ರಿ ಇದ್ದರೆ ಅವು ಸೇರುವ ಮೂಲೆಯ ಇಳಿಜಾರು ಬರೀ 51 ಡಿಗ್ರಿ. ಒಣ ಕಲ್ಲಿದ್ದಲು ಅದರಲ್ಲೂ ಜಾರಿಬಿಡುತ್ತದೆ. ಆಟಿ ತಿಂಗಳ ಮಳೆಗೆ ಒದ್ದೆಯಾದ ಕಲ್ಲಿದ್ದಲು ಅಲ್ಲೇ ಕೂತು, ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು ಎಂದು ಕಟ್ಟುತ್ತಾ ಚ್ಯೂಟಿನ ಬಾಯಿ ಅರ್ಧಕ್ಕೆ ಬರುತ್ತದೆ. ಆಪರೇಟರ್ ತಾನಾಗಿಯೇ ಫೀಡ್ ಇಳಿಸುತ್ತಾನೆ, ಅದೇ ನಿಮ್ಮ 200 ಟನ್. ಸುತ್ತಿಗೆ ಬಡಿದು ಬಡಿದು ತಗಡು ಉಬ್ಬಿದ್ದರೆ ಅಲ್ಲಿ ಇನ್ನೂ ಬೇಗ ಕಟ್ಟುತ್ತದೆ. ಮೂಲೆಯ ಇಳಿಜಾರು 65ರಿಂದ 70 ಡಿಗ್ರಿ ಬರುವಂತೆ ಮಾಡಿಸಿ, ಮೂಲೆಗೆ ಉರುಟಾದ ತಗಡು ಕೂರಿಸಿ, ಒಳಗೆ ಸ್ಟೇನ್‌ಲೆಸ್ ಅಥವಾ ಜಾರುವ ಪ್ಲಾಸ್ಟಿಕ್ ಲೈನರ್ ಹಾಕಿಸಿ. ಲೈನರಿನ ಬೋಲ್ಟಿನ ತಲೆ ಒಳಕ್ಕೆ ಅಡಗಿರಲಿ.

ಅಂಟಿದ ಪುಡಿ ಬೆಲ್ಟಿನ ಜೊತೆ ವಾಪಸೂ ಬರುತ್ತದೆ. 500 ಮಿ.ಮೀ. ಅಗಲಕ್ಕೆ 1 ಮಿ.ಮೀ. ಪದರ ಅಂಟಿದ್ದರೆ, 1.5 ಮೀಟರ್ ವೇಗದಲ್ಲಿ ಗಂಟೆಗೆ 2.7 ಘನ ಮೀಟರ್ ಹಿಂದಕ್ಕೆ ಪ್ರಯಾಣ. ಅದರಲ್ಲಿ ಸ್ವಲ್ಪ ಉದುರಿ ಕೆಳಗೆ ಗುಡ್ಡೆಯಾಗುತ್ತದೆ, ಉಳಿದದ್ದು ರಿಟರ್ನ್ ರೋಲರಿಗೆ ಮೆತ್ತುತ್ತದೆ. ರೋಲರಿನ ಒಂದು ಬದಿ ದಪ್ಪವಾದರೆ ಬೆಲ್ಟ್ ಬದಿಗೆ ಸರಿಯುತ್ತದೆ. ಐಡ್ಲರನ್ನು ತಿರುಗಿಸಿ ತಿರುಗಿಸಿ ಬೆಲ್ಟನ್ನು ದಾರಿಗೆ ತರುವ ಮೊದಲು ರೋಲರ್ ಮುಟ್ಟಿ ನೋಡಿ, ಬೆಲ್ಟ್ ನಿಲ್ಲಿಸಿ ಸ್ವಿಚ್ಚಿಗೆ ಬೀಗ ಹಾಕಿದ ಮೇಲೆ. ಓಡುವ ಬೆಲ್ಟಿನಡಿ ಕೋಲು ಹಾಕಿ ಕೆರೆಯಲು ಹೋಗಿ ಕೈ ಕಳೆದುಕೊಳ್ಳುತ್ತಾರೆ. ಮದ್ದೆಂದರೆ ಎರಡು ಸ್ಕ್ರೇಪರ್: ಒಂದು ಸರಕು ಬೀಳುವ ತುದಿಯ ಹೆಡ್ ಪುಲ್ಲಿಯ ಮೂತಿಗೆ, ಸರಕು ಹಾರುವ ದಾರಿಗೆ ಅಡ್ಡ ಬಾರದಷ್ಟು ಕೆಳಗೆ, ಇನ್ನೊಂದು ಅದರ ಹಿಂದೆ, ಬೆಲ್ಟ್ ಪುಲ್ಲಿ ಬಿಟ್ಟ ಕೂಡಲೇ. ಕೆರೆದದ್ದು ಚ್ಯೂಟಿಗೇ ಬೀಳಬೇಕು. ಬೆಲ್ಟ್ ತೂಕಯಂತ್ರ ಇದ್ದರೆ ಮೆತ್ತಿದ ಪುಡಿಯನ್ನೂ ಅದು ಪ್ರತಿ ಸುತ್ತು ತೂಗುತ್ತದೆ, ಮಳೆಯಲ್ಲಿ ಸೊನ್ನೆಯನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕು.

ಪೂರ್ತಿ ನೆನೆದ ಅದಿರಿನ ಪುಡಿ ಇನ್ನೊಂದು ಜಾತಿ. ಪ್ರತಿ ಐಡ್ಲರ್ ದಾಟುವಾಗಲೂ ಸರಕಿಗೆ ಒಂದು ಕುಲುಕು. ಕುಲುಕಿದಷ್ಟೂ ಪುಡಿ ಕೆಳಗೆ ಒತ್ತಿಕೊಂಡು ನೀರು ಮೇಲೆ ಬರುತ್ತದೆ, ದಿಬ್ಬ ಕರಗಿ ಚಪ್ಪಟೆಯಾಗುತ್ತದೆ. 20 ಡಿಗ್ರಿಯ ದಿಬ್ಬ 10ಕ್ಕೆ ಇಳಿದರೆ ಬೆಲ್ಟಿನ ಸಾಮರ್ಥ್ಯದಲ್ಲಿ ಆರನೇ ಒಂದು ಭಾಗ ಹೋಯಿತು. ಏರಿನಲ್ಲಿ ಅದು ಹಿಂದಕ್ಕೇ ಹರಿದು ಕೆಳತುದಿಯ ಟೈಲ್ ಎಂಡಿನಲ್ಲಿ ಕೆಸರು ಮಾಡುತ್ತದೆ. ಇದೇ ಗುಣ ಹಡಗಿನ ಹೊಟ್ಟೆಯಲ್ಲಿ ಏನು ಮಾಡಬಲ್ಲದು ಎಂಬುದನ್ನು ನವಮಂಗಳೂರು ಬಂದರಿನವರಿಗೆ ಹೇಳಬೇಕಿಲ್ಲ. 2009ರ ಜುಲೈಯಲ್ಲಿ ಅಲ್ಲಿಂದ ಅದಿರಿನ ಪುಡಿ ತುಂಬಿ ಹೊರಟ ಏಷ್ಯನ್ ಫಾರೆಸ್ಟ್ ಹಡಗು ವಾಲಿ ಮುಳುಗಿತು. ಹಾಗಾಗಿ ಸರಕನ್ನು ಟಾರ್ಪಾಲಿನಡಿ ಇಡಿ, ರಾಶಿಯ ಬುಡದ ಕೆಸರನ್ನು ಹಾಪರಿಗೆ ಹಾಕಬೇಡಿ, ಬೆಲ್ಟ್ ಸಾಗುವ ಗ್ಯಾಲರಿಗೆ ಮಾಡು ಇರಲಿ.

ಏರಿನ ಮಿತಿಯನ್ನೂ ಸರಕೇ ಹೇಳುತ್ತದೆ. ಕಲ್ಲಿದ್ದಲು, ಅದಿರಿನ ಪುಡಿ 18 ಡಿಗ್ರಿಯ ತನಕ ನಿಲ್ಲುತ್ತವೆ, ಆದರೆ ಆ ಏರಿನಲ್ಲಿ ಸಾಮರ್ಥ್ಯದ ಶೇ. 85 ಮಾತ್ರ ಲೆಕ್ಕಕ್ಕೆ. ಅದಿರಿನ ಪುಡಿಯನ್ನು ಉಂಡೆ ಕಟ್ಟಿದ ಉರುಟು ಪೆಲ್ಲೆಟ್ ಗೋಲಿಯಂತೆ ಉರುಳುತ್ತದೆ. ಅದಕ್ಕೆ 13ರಿಂದ 15 ಡಿಗ್ರಿ ಸಾಕು. ಹೆಂಟೆಯ ಗಾತ್ರ ನಿಮಗೆ ತಲೆನೋವಲ್ಲ: ಬಹುಪಾಲು ಪುಡಿಯಿದ್ದರೆ ಬೆಲ್ಟಿನ ಅಗಲದ ಮೂರನೇ ಒಂದರ ತನಕದ ಹೆಂಟೆ ನಡೆಯುತ್ತದೆ, ಬರೀ ಹೆಂಟೆಯಾದರೆ ಐದನೇ ಒಂದರ ತನಕ. ಯೂರಿಯಾ ಸಾಗಿಸುವವರಿಗೆ ಗಾಳಿಯ ತೇವವೇ ಶತ್ರು. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ದ್ರತೆ ಶೇ. 75 ಮುಟ್ಟುವಷ್ಟರಲ್ಲಿ ಅದು ನೀರು ಹೀರಿ ಗಟ್ಟಿ ಕಟ್ಟುತ್ತದೆ, ನಮ್ಮ ಕರಾವಳಿಯಲ್ಲಿ ಅಷ್ಟಕ್ಕೆ ಮಳೆಯೇ ಬೇಕೆಂದಿಲ್ಲ. ಗೇರು ಸಿಪ್ಪೆ, ಮೀನಿನ ಹುಡಿಯಲ್ಲಿ ಎಣ್ಣೆಯಿದೆ. ಸಾಮಾನ್ಯ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಎಣ್ಣೆ ತಡೆಯುವ ಕವರನ್ನೇ ಕೇಳಬೇಕು.

ಪುಸ್ತಕದ ಅಂಕಿಗಿಂತ ನಿಮ್ಮ ರಾಶಿಯ ಅಂಕಿ ಮೇಲು. 20 ಲೀಟರಿನ ಖಾಲಿ ಪೇಂಟ್ ಬಕೆಟ್ ತೂಗಿಕೊಳ್ಳಿ. ಸರಕನ್ನು ಸಲಿಕೆಯಿಂದ ಸಡಿಲವಾಗಿ ಸುರಿದು, ಕುಟ್ಟದೆ, ಪಟ್ಟಿಯಿಂದ ಬಾಯಿ ಸಮ ಮಾಡಿ ಮತ್ತೆ ತೂಗಿ. ಸರಕು 16 ಕೆ.ಜಿ. ಬಂದರೆ ಘನ ಮೀಟರಿಗೆ 0.8 ಟನ್. ಬೆಲ್ಟ್ ಎಷ್ಟು ಹಿಡಿಸುತ್ತದೆ ಎನ್ನಲು ಈ ಸಡಿಲ ತೂಕ. ಹಾಪರ್, ಫೀಡರ್ ಮೇಲೆ ಬೀಳುವ ಭಾರಕ್ಕೆ ಕುಟ್ಟಿ ತುಂಬಿದ ತೂಕ. ಆಮೇಲೆ ಅದನ್ನೇ ಸಿಮೆಂಟ್ ನೆಲದ ಮೇಲೆ ಮೆಲ್ಲಗೆ ಸುರಿದು ಗುಡ್ಡೆಯ ಎತ್ತರ, ಬುಡದ ಅಗಲ ಅಳೆಯಿರಿ. ಎತ್ತರವನ್ನು ಅರ್ಧ ಅಗಲದಿಂದ ಭಾಗಿಸಿದರೆ ಓರೆಯ ಟ್ಯಾಂಜೆಂಟ್ ಸಿಗುತ್ತದೆ. ಓಡುವ ಬೆಲ್ಟಿನ ಮೇಲೆ ದಿಬ್ಬದ ಓರೆ ಅದಕ್ಕಿಂತ 5ರಿಂದ 15 ಡಿಗ್ರಿ ಕಡಿಮೆ. ಕೊನೆಗೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಕೈ ಬಿಟ್ಟಾಗ ಉದುರಿದರೆ ಹಳೆಯ ಚ್ಯೂಟ್ ನಡೆಯುತ್ತದೆ. ಉಂಡೆಯಾಗಿ ನಿಂತರೆ ಕಟ್ಟಿಕೊಳ್ಳುತ್ತದೆ. ಬೆರಳ ಸಂದಿಯಲ್ಲಿ ನೀರು ಒಸರಿದರೆ ಆ ದಿನ ಅದನ್ನು ಬೆಲ್ಟಿಗೆ ಏರಿಸಬೇಡಿ. ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಮಾಡಿ. ಚ್ಯೂಟ್ ಮಾಡಿಸುವವರಿಗೆ ಕೊಡಬೇಕಾದದ್ದು ಜುಲೈಯ ಅಂಕಿ.