ಜಿಲ್ಲೆಗೆ ವಯಸ್ಸಾಗುವುದು ಹೇಗೆ?

ಉಡುಪಿ ಜಿಲ್ಲೆಯಲ್ಲಿ ಹಿರಿಯರ ಪ್ರಮಾಣ ಏರುತ್ತಿದೆ ಎಂದರೆ ಸಭೆಯಲ್ಲಿ ಕೂತವರು ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಜನ ಈಗ ಹೆಚ್ಚು ಕಾಲ ಬದುಕುತ್ತಾರೆ. ಅಂಕಿಅಂಶಗಳ ಕೆಲಸದಲ್ಲೇ ತಲೆ ನರೆತ ನನಗೆ ಈ ಉತ್ತರ ತಪ್ಪು ಎನ್ನಿಸುವುದಿಲ್ಲ, ಅರ್ಧ ಎನ್ನಿಸುತ್ತದೆ. ಉಳಿದರ್ಧ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಸಾವಿರ ಜನರ ಒಂದು ಊರಿನಲ್ಲಿ ಹದಿನೈದು ತುಂಬದವರು 250, ದುಡಿಯುವ ವಯಸ್ಸಿನವರು 630, ಅರವತ್ತು ದಾಟಿದವರು 120 ಎಂದಿಟ್ಟುಕೊಳ್ಳೋಣ. ದುಡಿಯುವವರಲ್ಲಿ 150 ಮಂದಿ ಬೆಂಗಳೂರಿಗೋ ದುಬೈಗೋ ಹೋದರೆ ಹಿರಿಯರ ಪಾಲು ಶೇ 12ರಿಂದ ಶೇ 14ಕ್ಕೆ ಏರುತ್ತದೆ. ಒಬ್ಬ ಅಜ್ಜನೂ ಹೆಚ್ಚಾಗಿಲ್ಲ, ಯಾರ ಆಯುಸ್ಸೂ ಒಂದು ದಿನ ಬೆಳೆದಿಲ್ಲ. ಆದರೆ ನೂರು ದುಡಿಯುವವರನ್ನು ಆಶ್ರಯಿಸಿದ ಮಕ್ಕಳು ಮತ್ತು ವೃದ್ಧರ ಸಂಖ್ಯೆ ಮಾತ್ರ 59ರಿಂದ 77ಕ್ಕೆ ಜಿಗಿದಿರುತ್ತದೆ.

ದೇಶದ ಮಟ್ಟದಲ್ಲಿ ಜನರ ವಯಸ್ಸಿನ ಹಂಚಿಕೆಯನ್ನು ಮುಖ್ಯವಾಗಿ ಜನನವೂ ಮರಣವೂ ತಿದ್ದುತ್ತವೆ. ಜಿಲ್ಲೆಯ ಮಟ್ಟಕ್ಕೆ ಇಳಿದಾಗ ವಲಸೆಯೇ ಮುಂದೆ ಬಂದು ನಿಲ್ಲುತ್ತದೆ. 2001ರಲ್ಲಿ 11,12,243 ಇದ್ದ ಉಡುಪಿಯ ಜನಸಂಖ್ಯೆ 2011ರಲ್ಲಿ 11,77,361 ಆಯಿತು. ರಾಜ್ಯ ಶೇ 15.6ರಷ್ಟು ಬೆಳೆದ ಆ ದಶಕದಲ್ಲಿ ಈ ಜಿಲ್ಲೆ ಬೆಳೆದದ್ದು ಶೇ 5.85 ಮಾತ್ರ. ಘಟ್ಟದ ಮೇಲಿನ ಚಿಕ್ಕಮಗಳೂರಿನಲ್ಲಂತೂ ಜನಸಂಖ್ಯೆ ತುಸು ಇಳಿದೇ ಹೋಯಿತು. ಉಡುಪಿಯಲ್ಲಿ ಸಾವಿರ ಗಂಡಸರಿಗೆ 2001ರಲ್ಲಿ 1,130 ಹೆಂಗಸರಿದ್ದರು, 2011ರಲ್ಲಿ 1,094. ಹೆಂಗಸರ ಸಂಖ್ಯೆ ಹೆಚ್ಚಿರುವುದು ಬಹುಪಾಲು ಗಂಡಸರ ಗೈರುಹಾಜರಿಯ ಗುರುತು. ಅಂತರ ಇಳಿದದ್ದಕ್ಕೆ ನನ್ನ ಅಂದಾಜಿನಲ್ಲಿ ಎರಡು ಕಾರಣಗಳಿವೆ: ಒಂದು ಕಾಲದಲ್ಲಿ ಮುಂಬಯಿಯ ಹೋಟೆಲಿಗೆ ಹುಡುಗನೊಬ್ಬನೇ ಹೋಗುತ್ತಿದ್ದ, ಈಗ ಓದಿದ ಹುಡುಗಿಯರೂ ಅಷ್ಟೇ ಸಹಜವಾಗಿ ಊರು ಬಿಡುತ್ತಾರೆ, ಜತೆಗೆ ಹೊರಗಿನಿಂದ ಕೂಲಿಗೆ ಬರುವ ಗಂಡಸರು ಹೆಚ್ಚಿದ್ದಾರೆ. ಹುಡುಗಿಯರು ಹೋದರೆ ಮುಂದೆ ಅವರಿಗೆ ಹುಟ್ಟುವ ಮಕ್ಕಳೂ ಊರಿನ ಲೆಕ್ಕದಿಂದ ಹೋದಂತೆಯೇ. ಹೀಗಾಗಿ ಶಾಲೆಯ ಒಂದನೇ ತರಗತಿ ಬರಿದಾಗಲು ತಾಯಂದಿರು ಕಡಿಮೆ ಹೆರಬೇಕೆಂದೇನಿಲ್ಲ, ತಾಯಂದಿರೇ ಕಡಿಮೆಯಾದರೂ ಸಾಕು. ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿರುವಾಗ, ಇಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತಿವೆ.

ಕಚೇರಿಯಲ್ಲಿ ಸುಲಭವಾಗಿ ಸಿಗುವ ದಾಖಲೆಗಳು ಈ ಬದಲಾವಣೆಯನ್ನು ತೋರಿಸುವುದಕ್ಕಿಂತ ಮುಚ್ಚುವುದೇ ಹೆಚ್ಚು. ಜನನ ನೋಂದಣಿಯನ್ನೇ ನೋಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಹುಟ್ಟಿದ ಸ್ಥಳದಲ್ಲೇ ನೋಂದಣಿಯಾಗಬೇಕು. ಮುಂಬಯಿಯಲ್ಲಿ ಸಂಸಾರ ಹೂಡಿದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಮಗು ಉಡುಪಿಯ ಲೆಕ್ಕಕ್ಕೆ ಸೇರುತ್ತದೆ, ಬಾಣಂತನ ಮುಗಿಸಿ ಮುಂಬಯಿಗೆ ಹೋಗುತ್ತದೆ. ಮಣಿಪಾಲದ ಆಸ್ಪತ್ರೆಗೆ ನೆರೆಯ ಜಿಲ್ಲೆಗಳಿಂದ ಬಂದು ಹೆತ್ತವರ ಮಕ್ಕಳೂ ಇದೇ ಲೆಕ್ಕದಲ್ಲಿ. ಈ ಅಂಕಿಗಳನ್ನು ಹಿಡಿದು ಆರು ವರ್ಷದ ಮುಂದಿನ ಶಾಲಾ ಕೊಠಡಿ ಎಣಿಸಲು ಹೊರಟರೆ ಕೊಠಡಿಗಳಷ್ಟೇ ಉಳಿದಾವು.

ಪಡಿತರ ಚೀಟಿಯೂ ಹಾಗೆಯೇ. ಕುಂದಾಪುರ ಕಡೆಯ ಒಂದು ಮನೆಯ ಚೀಟಿಯಲ್ಲಿ ಆರು ಹೆಸರುಗಳಿದ್ದವು, ಜಗಲಿಯಲ್ಲಿ ಕೂತಿದ್ದವರು ಇಬ್ಬರು. ಉಳಿದ ನಾಲ್ವರು ಎಲ್ಲಿ ಎಂದು ಕೇಳಿದರೆ, "ಹಬ್ಬಕ್ಕೆ ಬರುತ್ತಾರೆ" ಎಂಬ ಉತ್ತರ ಬಂತು. ಜನಗಣತಿ ಇದನ್ನು ಒಪ್ಪುವುದಿಲ್ಲ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ನಡೆದ ಎಣಿಕೆಯ ಇಡೀ ಅವಧಿಯಲ್ಲಿ ಮನೆಯಲ್ಲಿ ಇಲ್ಲದವರನ್ನು ಆ ಮನೆಯಲ್ಲಿ ಎಣಿಸುವಂತಿರಲಿಲ್ಲ. ಚೀಟಿಯ ಪ್ರಕಾರ ಆ ಮನೆ ತುಂಬಿದ ಸಂಸಾರ, ಗಣತಿಯ ಪ್ರಕಾರ ಇಬ್ಬರು ಹಿರಿಯರ ಮನೆ.

ಇನ್ನು ಬರುವವರ ಮಾತು. ವಯಸ್ಸಿನ ಪಟ್ಟಿಯಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕರ ಸಾಲು ಉಬ್ಬಿ ಕಂಡರೆ ಅದರಲ್ಲಿ ಮಣಿಪಾಲದ ವಿದ್ಯಾರ್ಥಿಗಳ ಪಾಲೆಷ್ಟು ಎಂದು ಮೊದಲು ಕೇಳಬೇಕು; ಪದವಿ ಮುಗಿದೊಡನೆ ಅವರು ಹೊರಡುತ್ತಾರೆ, ಅವರ ಜಾಗಕ್ಕೆ ಅದೇ ವಯಸ್ಸಿನವರು ಬರುತ್ತಾರೆ, ಆ ಸಾಲಿಗೆ ಮಾತ್ರ ವಯಸ್ಸೇ ಆಗುವುದಿಲ್ಲ. ಮಲ್ಪೆಯ ದೋಣಿಗಳಲ್ಲಿ ದುಡಿಯುವ ಹೊರರಾಜ್ಯದವರು ಫೆಬ್ರುವರಿಯಲ್ಲಿ ಸಿಗುತ್ತಾರೆ. ಮೀನುಗಾರಿಕೆ ನಿಷೇಧವಿರುವ ಜೂನ್-ಜುಲೈಯಲ್ಲಿ ಎಣಿಸಿದರೆ ಹಲವರು ಸಿಗಲಾರರು. ಜಿಲ್ಲೆಯ ಸರಾಸರಿ ಈ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯುವುದರಿಂದ, ಮಣಿಪಾಲದ ಯೌವನ ಬೈಂದೂರಿನ ಒಳಹಳ್ಳಿಯ ಮುಪ್ಪನ್ನು ಮರೆಮಾಡುತ್ತದೆ. ಅಂಗನವಾಡಿಯಾಗಲಿ ಆರೋಗ್ಯ ಉಪಕೇಂದ್ರವಾಗಲಿ, ಯೋಜನೆಯನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಮಾಡಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ವಯಸ್ಸು ಎಂಬ ಅಂಕಿಯೂ ನಾವು ತಿಳಿದಷ್ಟು ಗಟ್ಟಿಯಲ್ಲ. ಜನ ವಯಸ್ಸನ್ನು ಸೊನ್ನೆಗೋ ಐದಕ್ಕೋ ತಂದು ನಿಲ್ಲಿಸುತ್ತಾರೆ. ಹಾಗಾಗಿ ಪಟ್ಟಿಯಲ್ಲಿ 59 ಮತ್ತು 61 ತಗ್ಗಿ, ನಡುವಿನ 60 ಗೋಪುರದಂತೆ ಎದ್ದಿರುತ್ತದೆ. 2011ರಲ್ಲಿ ಅರವತ್ತು ಎಂದು ಬರೆಸಿದ್ದ ಒಬ್ಬ ಅಮ್ಮನನ್ನು ವಿಚಾರಿಸಿದಾಗ, "ಡಿಕ್ಲರೇಶನ್ ಹಾಕಿದ ವರ್ಷ ನನ್ನ ಮದುವೆ, ಆಗ ಹದಿನೆಂಟು" ಎಂದರು. ಡಿಕ್ಲರೇಶನ್ ಎಂದರೆ ಭೂಸುಧಾರಣೆಯ ಕಾಲದಲ್ಲಿ, ಉಳುವ ಭೂಮಿಯ ಹಕ್ಕು ಕೋರಿ ಗೇಣಿ ಒಕ್ಕಲು ಸಲ್ಲಿಸಿದ 7ನೇ ನಂಬ್ರದ ಅರ್ಜಿ. ಅದರ ನಕಲು ಪೆಟ್ಟಿಗೆಯಲ್ಲೇ ಇತ್ತು, ಇಸವಿ 1975. ಅಂದರೆ ಗಣತಿಯ ಹೊತ್ತಿಗೆ ಅವರಿಗೆ ಐವತ್ತನಾಲ್ಕರ ಆಸುಪಾಸು. ಆರು ವರ್ಷ ಮೊದಲೇ ಅವರು ಹಿರಿಯರ ಸಾಲಿಗೆ ಸೇರಿಬಿಟ್ಟಿದ್ದರು.

ಈ ಸಣ್ಣ ತಪ್ಪು ಮುಂದಿನ ಗಣತಿಯಲ್ಲಿ ದೊಡ್ಡದಾಗಲಿದೆ. ಹಿಂದೆ ಗಣತಿಗಳ ನಡುವೆ ಹತ್ತು ವರ್ಷಗಳಿದ್ದುದರಿಂದ ಐದೈದು ವರ್ಷದ ಗುಂಪುಗಳು ನೇರವಾಗಿ ಹೊಂದುತ್ತಿದ್ದವು: 2001ರ 10-14ರ ಮಕ್ಕಳು 2011ರಲ್ಲಿ 20-24. ಆ ಎರಡು ಸಂಖ್ಯೆಗಳ ವ್ಯತ್ಯಾಸದಿಂದ ಸಾವನ್ನು ಕಳೆದರೆ ಉಳಿಯುವುದು ವಲಸೆ. 2011ರ ನಂತರದ ಗಣತಿ 2027ರಲ್ಲಿ, ಹಾಗಾಗಿ ಈ ಬಾರಿ ಅಂತರ ಹದಿನಾರು ವರ್ಷ. 2011ರ ಮಾರ್ಚ್‌ನಲ್ಲಿ 10-14 ಇದ್ದವರು 2027ರ ಮಾರ್ಚ್ 1ರಂದು 26-30ರಲ್ಲಿರುತ್ತಾರೆ, ಅವರಲ್ಲಿ ಮೂವತ್ತರವರು ಮುದ್ರಿತ ಕೋಷ್ಟಕದ 25-29ರ ಗುಂಪಿನಿಂದ ಹೊರಗುಳಿಯುತ್ತಾರೆ. ಒಂದೊಂದು ವರ್ಷದ ವಯಸ್ಸನ್ನು ಬಿಡಿಸಿಯೇ ಕೂಡಬೇಕು, ಆ ಬಿಡಿ ವರ್ಷಗಳಲ್ಲಿ ಮೂವತ್ತರ ಮೇಲೆ ಮತ್ತೆ ಅದೇ ಗೋಪುರ. ಆದ್ದರಿಂದ ಗಣತಿದಾರರಿಗೆ ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ವಯಸ್ಸೆಷ್ಟು ಎಂದು ಕೇಳುವ ಮೊದಲು ಹುಟ್ಟಿದ ದಿನಾಂಕ ಕೇಳಿ, ಗೊತ್ತಿಲ್ಲವೆಂದರೆ ಮದುವೆಯ ವರ್ಷ ಕೇಳಿ, ಪೆಟ್ಟಿಗೆಯಲ್ಲಿ ಹಳೆಯ ಕಾಗದವೇನಾದರೂ ಇದೆಯೇ ಎಂದೂ ಕೇಳಿ.